ಮೂರನೇ ತಿರುವಿನಲ್ಲಿ ನಿಲ್ಲುವ ನೀರು

ಮಾನ್ಯ ರೇಸ್ ಪರವಾನಗಿ ಅಧಿಕಾರಿಗಳೇ,

ಈ ಶನಿವಾರ ಮತ್ತು ಭಾನುವಾರ ಮಧ್ಯಾಹ್ನ ನಮ್ಮ ಪೇಟೆಯ ಮೇಲೆ ಗುಡುಗು ಸಹಿತ ಭಾರಿ ಮಳೆಯಾಗುವ ಸಂಭವವಿದೆ ಎಂದು ಹವಾಮಾನ ಕಚೇರಿ ಸೋಮವಾರವೇ ತಿಳಿಸಿದೆ. ಅದೇ ದಿನ ನಿಮ್ಮ ಕಚೇರಿ ಅಂಟಿಸಿದ, ನಮ್ಮ ಬೀದಿಗಳಲ್ಲಿ ನಡೆಯುವ ಕಾರ್ ರೇಸಿನ ಪೋಸ್ಟರಿನಲ್ಲಿ ‘ಅಲ್ಲಲ್ಲಿ ಮೋಡ, ಆಹ್ಲಾದಕರ ವಾತಾವರಣ’ ಎಂದಿದೆ. ಎರಡೂ ಕಚೇರಿಗಳ ಮೇಲಿರುವುದು ಒಂದೇ ಆಕಾಶ ಎಂದು ನಾನು ನಂಬಿದ್ದೆ. ನನಗೆ ಭಯವಾಗಿದೆ. ಅದನ್ನು ಮುಚ್ಚಿಟ್ಟುಕೊಂಡು ಗಂಭೀರವಾಗಿ ಬರೆಯಲು ಹೋಗಿ ಎರಡು ಸಲ ಹಾಳೆ ಹರಿದು ಹಾಕಿದ್ದೇನೆ.

ನನ್ನದು ರೇಸಿನ ಹಾದಿಯ ಮೂರನೇ ತಿರುವಿನ ಕನ್ನಡಕದ ಅಂಗಡಿ. ಮನೆ ಅದರ ಮೇಲಿನ ಮಹಡಿಯಲ್ಲಿ. ನನ್ನ ಹೆಂಡತಿ ಶಾಲೆಯಲ್ಲಿ ಆಟದ ಟೀಚರ್. ರೇಸಿನ ಎರಡು ದಿನ ಮಾತ್ರ ನಮ್ಮ ಅಂಗಡಿಯೆದುರಿನ ಕಾಂಕ್ರೀಟ್ ಗೋಡೆಯ ಹಿಂದೆ ಬಾವುಟ ಹಿಡಿದು ನಿಲ್ಲುವ ಸ್ವಯಂಸೇವಕಿ. ಮುಂದೆ ಅಪಾಯವಿದ್ದರೆ ಹಳದಿ ಬಾವುಟ ಬೀಸಿ ಚಾಲಕರನ್ನು ಎಚ್ಚರಿಸುವುದು ಅವಳ ಕೆಲಸ. ರೇಸನ್ನೇ ನಿಲ್ಲಿಸುವ ಕೆಂಪು ಬಾವುಟವನ್ನು ಎತ್ತಬೇಕಾದರೆ ಮಾತ್ರ ನಿಮ್ಮ ನಿಯಂತ್ರಣ ಕೊಠಡಿಯ ಅಪ್ಪಣೆ ಬೇಕು. ಆ ಕೊಠಡಿ ಆರನೇ ಮಹಡಿಯಲ್ಲಿದೆ; ಅಲ್ಲಿ ನೆಲ ಒದ್ದೆಯಾಗುವುದಿಲ್ಲ.

ಕಳೆದ ವರ್ಷ ಶನಿವಾರ ಮೂರೂಕಾಲಿಗೆ ಮಳೆ ಹಿಡಿಯಿತು. ಹತ್ತೇ ನಿಮಿಷದಲ್ಲಿ ಜನ ರಸ್ತೆ ದಾಟುವ ಬಿಳಿ ಪಟ್ಟೆಗಳ ಮೇಲೆ ನೀರು ನಿಂತಿತು. ಹೆಂಡತಿ ವೈರ್‌ಲೆಸ್ಸಿನಲ್ಲಿ ಮೂರು ಸಲ ಕೆಂಪು ಬಾವುಟಕ್ಕೆ ಅಪ್ಪಣೆ ಕೇಳಿದಳು. ಮೂರು ಸಲವೂ ಬಂದ ಉತ್ತರ: ‘ಪರಿಶೀಲಿಸುತ್ತಿದ್ದೇವೆ.’ ನಾನು ಮೇಲೆ ಕಿಟಕಿಯಲ್ಲಿದ್ದೆ. ಒಂದು ನೀಲಿ ಕಾರು ಪಟ್ಟೆಯ ಮೇಲೆ ಬಂತು. ಚಕ್ರಗಳು ಎಡಕ್ಕೆ ತಿರುಗಿದವು, ಕಾರು ಮಾತ್ರ ನೆಟ್ಟಗೆ ಬಂದು ಗುದ್ದಿತು. ಕಾಂಕ್ರೀಟ್ ಗೋಡೆ ಒಂದು ಮಾರು ಹಿಂದೆ ಸರಿಯಿತು. ಅವಳು ಪಕ್ಕಕ್ಕೆ ಹಾರಿ ಬಿದ್ದಳು. ಜೊತೆಗಿದ್ದ ಅಂಚೆ ಕಚೇರಿಯ ಗುಮಾಸ್ತರಿಗೆ ಹಾರಲಾಗಲಿಲ್ಲ. ಸೊಂಟದ ಮೂಳೆ ಮುರಿಯಿತು. ಈಗಲೂ ಕನ್ನಡಕ ಸರಿಮಾಡಿಸಲು ಬಂದರೆ ಅಂಗಡಿಯ ಎರಡು ಮೆಟ್ಟಿಲು ಹತ್ತಲಾಗದೆ ಫುಟ್‌ಪಾತಿನಲ್ಲೇ ನಿಂತಿರುತ್ತಾರೆ. ನಾನೇ ಇಳಿದು ಹೋಗುತ್ತೇನೆ. ನಿಮ್ಮ ವರದಿ ಅದನ್ನು ‘ಅನಿರೀಕ್ಷಿತ ಮಳೆ’ ಎಂದು ಕರೆಯಿತು. ಹಿಂದಿನ ದಿನದ ಪತ್ರಿಕೆಗಳಲ್ಲೆಲ್ಲ ಮುನ್ಸೂಚನೆ ಅಚ್ಚಾಗಿತ್ತಲ್ಲ? ಇನ್ನೆಷ್ಟು ಜನ ನಿರೀಕ್ಷಿಸಿದ್ದರೆ ಅದು ನಿರೀಕ್ಷಿತವಾಗುತ್ತಿತ್ತು?

ಮೊನ್ನೆ ಮಂಗಳವಾರ ಅರ್ಧ ಗಂಟೆ ಮಳೆ ಸುರಿದಾಗ ನೀರು ನಮ್ಮ ಮೊದಲ ಮೆಟ್ಟಿಲು ಮುಟ್ಟಿತು. ಹಿಂದೆಂದೂ ಅಷ್ಟು ಬಂದಿರಲಿಲ್ಲ. ಇಬ್ಬರೂ ಕೊಡೆ ಹಿಡಿದು ಇಳಿದೆವು. ಈ ವಾರ ನಿಮ್ಮವರು ತಂದಿಳಿಸಿದ ಹೊಸ ಕಾಂಕ್ರೀಟ್ ಗೋಡೆಯ ಎರಡು ತುಂಡುಗಳು ಸರಿಯಾಗಿ ಮೋರಿಯ ಬಾಯಿಯ ಮೇಲೆ ಕೂತಿದ್ದವು. ಮಾರನೇ ದಿನ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಎಂಜಿನಿಯರ್ ನನ್ನನ್ನು ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರು.

“ರೇಸ್ ಮುಗೀಲಿ ಸಾರ್, ಸೋಮವಾರ ತೆಗೆಸ್ತೀವಿ.”

“ಮಳೆ ಶನಿವಾರ ಬರುತ್ತಲ್ರೀ?”

“ಬಂದ್ರೆ ನೋಡ್ಕೊಳ್ಳೋಣ. ಬರ್ದೇನೂ ಇರಬಹುದಲ್ವಾ? ಟೀವಿಯವರು ಮೂರು ಗಂಟೆಗೇ ಟೈಮ್ ಕೊಟ್ಟಿದಾರೆ.”

ಮೋಡಗಳಿಗೂ ಪಾಸ್ ಬರೆದುಕೊಟ್ಟು, ಸಂಜೆ ಆರು ಗಂಟೆಯ ಮೇಲೆ ಬನ್ನಿ ಎಂದಿದ್ದೀರಾ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಈ ಸಲ ಹೋಗ್ಬೇಡ ಕಣೇ.”

“ನಾನು ಹೋಗ್ದಿದ್ರೆ ಅಲ್ಲಿ ಇನ್ಯಾರನ್ನೋ ನಿಲ್ಲಿಸ್ತಾರೆ. ಅವರಿಗೆ ಆ ತಿರುವೇ ಗೊತ್ತಿರಲ್ಲ.”

“ನಿನ್ ಮಂಡಿ ಮೊದಲಿನ ಹಾಗಿಲ್ಲ.”

“ಅದಕ್ಕೇ ಅಭ್ಯಾಸ ಮಾಡ್ಬೇಕು,” ಎಂದು ಬೆಂಚನ್ನು ಹಜಾರದ ಮಧ್ಯಕ್ಕೆ ಎಳೆದಳು.

ಹೌದು ಸ್ವಾಮಿ. ನಲವತ್ತೆಂಟು ವರ್ಷದ ಹೆಂಗಸು ಬೆಂಚಿನ ಹಿಂದೆ ನಿಂತು, ಎದುರಿನಿಂದ ಕಾರು ಬಂತೆಂದುಕೊಂಡು ಪಕ್ಕಕ್ಕೆ ಹಾರುವುದನ್ನು ಕಲಿಯುತ್ತಿದ್ದಾಳೆ. ಹಾಸಿಗೆ ಹಾಸಿಕೊಂಡು ಅದರ ಮೇಲೆ ಬೀಳುತ್ತಾಳೆ. ಒಂಬತ್ತು ವರ್ಷದ ಮಗಳು ಮೊಬೈಲಿನಲ್ಲಿ ಸಮಯ ನೋಡುತ್ತಾ, “ಅಮ್ಮಾ, ಎರಡು ಸೆಕೆಂಡಾಯ್ತು, ಇನ್ನೂ ಬೇಗ!” ಎಂದು ನಗುತ್ತಿದ್ದಳು. ನಾಲ್ಕನೆಯ ಸಲಕ್ಕೆ ಅವಳ ನಗು ನಿಂತಿತು. “ಅಪ್ಪಾ, ಯಾಕೆ ಬೇಗ ಹಾರ್ಬೇಕು?” ಎಂದಳು. ನಾನು ಸರಿದಿದ್ದ ಹಾಸಿಗೆಯನ್ನು ಮತ್ತೆ ಜಾಗಕ್ಕೆ ಎಳೆದೆ. ಅವಳು ಮೊಬೈಲ್ ನನ್ನ ಕೈಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ನಾನೇ ಸಮಯ ನೋಡಿದೆ. ಎರಡು ಸೆಕೆಂಡಿಗಿಂತ ಕಡಿಮೆ ಒಮ್ಮೆಯೂ ಆಗಲಿಲ್ಲ. ಕಳೆದ ವರ್ಷ ಆ ನೀಲಿ ಕಾರು ಪಟ್ಟೆಯಿಂದ ಗೋಡೆಗೆ ಬರಲು ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಆದ್ದರಿಂದ ಶುಕ್ರವಾರ ಸಂಜೆಯೊಳಗೆ ಮೋರಿಯ ಮೇಲಿನ ಎರಡು ತುಂಡುಗಳನ್ನು ತೆಗೆಸಿ. ರೇಸನ್ನು ಮಳೆಗೆ ಮುಂಚೆ, ಬೆಳಗಿನ ಹೊತ್ತಿಗೆ ತನ್ನಿ. ನೀರು ಕಂಡವರ ಕೈಗೇ ಕೆಂಪು ಬಾವುಟ ಕೊಡಿ. ಇದಿಷ್ಟೂ ಆಗದ ಮಾತಾದರೆ ಪರವಾನಗಿಯನ್ನು ಹಿಂದಕ್ಕೆ ಪಡೆಯಿರಿ. ಹೋಗಬೇಡ ಎಂದು ನಾನು ಹೆಂಡತಿಗೆ ಹೇಳಿಯಾಯಿತು, ನನ್ನ ಮಾತು ನಡೆಯಲಿಲ್ಲ. ನಿಮ್ಮ ಮಾತು ನಡೆಯುತ್ತದೆ.

ಇಂತಿ,
ಶನಿವಾರ ನೋಡಲೂ ಧೈರ್ಯವಿಲ್ಲದ, ನೋಡದೆ ಇರಲೂ ಆಗದ,
ಕನ್ನಡಕದ ಅಂಗಡಿಯವನು