ಮೈಕಿನ ಮುಂದೆ ಅತ್ತಿಗೆ

ಮಾರ್ಚ್ 3, ಬೆಳಿಗ್ಗೆ
ಇವತ್ತೂ ಕನ್ನಡಿ ಮುಂದೆ ಅರ್ಧ ಗಂಟೆ ಅಭ್ಯಾಸ. ಬಸ್ ನಿಲ್ದಾಣದ ಅನೌನ್ಸರ್ ಕೆಲಸ. ಇರುವುದು ಒಂದೇ ಪೋಸ್ಟ್, ಅರ್ಜಿ ಮೂವತ್ತೆಂಟು. ಅದರಲ್ಲಿ ನನ್ನದೂ ಒಂದು, ನಮ್ಮ ಅತ್ತಿಗೆಯದೂ ಒಂದು! ನನಗೆ ಡಿಗ್ರಿ ಇದೆ, ಧ್ವನಿ ಇದೆ. ಅವರು ಹನ್ನೆರಡು ವರ್ಷ ಮನೆಯಲ್ಲೇ ಇದ್ದವರು. ಅಣ್ಣನ ಫ್ಯಾಕ್ಟರಿ ಮುಚ್ಚಿತೆಂದು ಹೊರಟಿದ್ದಾರೆ. ಪಾಪ ಅನ್ನಿಸಿತು... ಆದರೂ ಈ ಕೆಲಸ ನನಗೇ ಬೇಕು.

ಮಾರ್ಚ್ 5
ಬೆಳಗಾದರೆ ಅತ್ತಿಗೆ ಬಸ್ ನಿಲ್ದಾಣದಲ್ಲಿ. ಎನ್‌ಕ್ವೈರಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು, ಜನ ಬಂದು ಏನೇನು ಕೇಳುತ್ತಾರೆ ಎಂದು ಬರೆದುಕೊಳ್ಳುತ್ತಾರಂತೆ. ಬಿದ್ದು ಬಿದ್ದು ನಕ್ಕೆ.

ಮಾರ್ಚ್ 9
ಅತ್ತಿಗೆ ಇನ್ನೂ ಬಿಟ್ಟಿಲ್ಲ. ಬರೆದುಕೊಂಡ ಪುಸ್ತಕ ತೋರಿಸಿದರು. ನಲವತ್ತು ಪುಟ! ಅನೌನ್ಸ್ ಆದ ಮರುಕ್ಷಣವೇ ಜನ ಕಿಟಕಿಗೆ ಬಂದು ಪ್ಲಾಟ್‌ಫಾರ್ಮ್ ಕೇಳುತ್ತಾರೆ. ಯಾಕೆ?

"ನಂಬರ್ ಮೊದ್ಲೇ ಹೇಳಿಬಿಡ್ತಾರೆ ಕಣೆ. ತಮ್ಮೂರ ಹೆಸ್ರು ಬಂದ್ಮೇಲೇ ಜನ ಕಿವಿ ಕೊಡೋದು. ಅಷ್ಟೊತ್ತಿಗೆ ನಂಬರ್ ಹೋಗಿರುತ್ತೆ."

ಹತ್ತು ವರ್ಷ ಅಲ್ಲೇ ಓಡಾಡಿದ್ದೇನೆ. ನನಗೆ ಹೊಳೆದಿರಲಿಲ್ಲ.

ಆಮೇಲೆ ಅಡುಗೆಮನೆಯಿಂದಲೇ ಅತ್ತಿಗೆಯ ಅನೌನ್ಸ್ ಅಭ್ಯಾಸ — ಊಟಕ್ಕೆ ಹೊರಡುವವರು ಕೈ ತೊಳೆದು ಬರಬೇಕಂತೆ. ಕೆಲಸ ಹೋದಮೇಲೆ ಅಣ್ಣ ಇವತ್ತೇ ನಕ್ಕಿದ್ದು.

ಮಾರ್ಚ್ 14, ಮಧ್ಯಾಹ್ನ
ಟ್ರಯಲ್ ಮುಗಿಯಿತು. ನಿಜವಾದ ಮೈಕ್, ನಿಜವಾದ ಬಸ್ಸು. ಕೊಟ್ಟ ಚೀಟಿಯನ್ನು ಇದ್ದದ್ದು ಇದ್ದ ಹಾಗೆ, ಬಹಳ ನಾಜೂಕಾಗಿ ಓದಿದೆ. ಮೇಲ್ವಿಚಾರಕರು ತಲೆದೂಗಿದರು. ಗಾಜಿನಾಚೆ ಬೆಂಚಿನಲ್ಲಿದ್ದವರು ಮಾತ್ರ ಒಬ್ಬರೂ ಬಸ್ಸಿನ ಕಡೆ ಹೋಗಲಿಲ್ಲ. ನಾಲ್ವರು ಕಿಟಕಿಗೆ ಬಂದು ಯಾವ ಪ್ಲಾಟ್‌ಫಾರ್ಮ್ ಎಂದರು.

ಅತ್ತಿಗೆಯ ಸರದಿ. ಒರಟು ಗಂಟಲು. ಮೊದಲು ಊರಿನ ಹೆಸರು, ಎರಡು ಸಲ. ಸ್ವಲ್ಪ ತಡೆದು — ಆರು. ಮತ್ತೊಮ್ಮೆ, ಆರು. ಬೆಂಚುಗಳಿಂದ ಜನ ಎದ್ದರು. ಗಂಟುಮೂಟೆ ಎತ್ತಿಕೊಂಡು ನೆಟ್ಟಗೆ ಆರರ ಕಡೆ ನಡೆದರು. ಕಿಟಕಿಗೆ ಯಾರೂ ಬರಲಿಲ್ಲ. ಮೇಲ್ವಿಚಾರಕರು ಅತ್ತಿಗೆಯ ಪುಸ್ತಕ ಕೇಳಿ ಇಸಿದುಕೊಂಡರು.

ಹೊಟ್ಟೆ ಉರಿಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ಮೈ ಜುಮ್ಮೆಂದಿತು. ಎಂಥ ಹೆಂಗಸು ನಮ್ಮ ಮನೆಯಲ್ಲಿದ್ದಾರೆ!

ಮಾರ್ಚ್ 21
ನೋಟಿಸ್ ಬೋರ್ಡಿಗೆ ರಿಸಲ್ಟ್ ಹಾಕಿದ್ದರು. ನೂಕುನುಗ್ಗಲಿನಲ್ಲಿ ಹೇಗೋ ಮುಂದೆ ಹೋದೆ. ಇದ್ದದ್ದು ಅತ್ತಿಗೆಯ ಹೆಸರು. ಅವರು ಹಿಂದೆಲ್ಲೋ ಸಿಕ್ಕಿಹಾಕಿಕೊಂಡಿದ್ದರು, ಬೋರ್ಡು ಕಾಣುತ್ತಿರಲಿಲ್ಲ. ಕೂಗಿ ಕೇಳಿದರು.

"ನಿಂದು ಇದೆಯೇನೇ?"

ತಮ್ಮದನ್ನು ಕೇಳಲೇ ಇಲ್ಲ. ತಿರುಗಿದೆ. ಕೈಯನ್ನೇ ಮೈಕ್ ಮಾಡಿಕೊಂಡು, ಅವರ ಹಾಗೆಯೇ ಎರಡೆರಡು ಸಲ ಕೂಗಿದೆ: "ಅತ್ತಿಗೆ, ಅತ್ತಿಗೆ... ಕೆಲ್ಸ ನಿಮ್ದೇ. ಮತ್ತೊಮ್ಮೆ, ನಿಮ್ದೇ!"