ಕಿತ್ತುಕೊಂಡ ರೂಲ್ ಬುಕ್

ಭದ್ರಾವತಿ
6-11-2003

ಪಿ.ಟಿ. ಮೇಷ್ಟ್ರು ಸತೀಶರಿಗೆ, ಅಂಪೈರ್ ಶೇಷಪ್ಪನ ನಮಸ್ಕಾರ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಕಾಗದ ಬರೆಯಲು ಕೂರಿಸಿದ್ದಾಳೆ ನನ್ನ ಮಗಳು. ಬಾಯಲ್ಲಿ ಬೈದವನು ಕೈಯಲ್ಲಿ ಬರೆಯಬೇಕಂತೆ.

ಭಾನುವಾರದ ಸಾಫ್ಟ್‌ಬಾಲ್ ಪಂದ್ಯದಲ್ಲಿ ನಿಮ್ಮ ಶಿವಮೊಗ್ಗದ ಮಧುಶ್ರೀ, ಚೆಂಡೆಸೆಯುವ ಪಿಚರ್ ಬದಲು ಬ್ಯಾಟ್ ಮಾಡಿ, ಆಮೇಲೆ ಫೀಲ್ಡಿಂಗಿಗೂ ಇಳಿದಳು. ಬದಲಿಗೆ ಬ್ಯಾಟ್ ಹಿಡಿದವಳು ಫೀಲ್ಡಿಂಗ್ ಮಾಡುವಂತಿಲ್ಲ ಎಂದು ಹೊರಗೆ ಹಾಕಿದೆ. ನೀವು ರೂಲ್ ಬುಕ್ ತೋರಿಸಿದಿರಿ. "ಇಪ್ಪತ್ತು ವರ್ಷದಿಂದ ಅಂಪೈರು ನಾನು, ನೀನೇನಯ್ಯಾ ಹೇಳಿಕೊಡೋದು?" ಅಂತ ಕಿತ್ತು ಜೇಬಿಗಿಟ್ಟುಕೊಂಡೆ. ಇಂಗ್ಲಿಷ್ ಓದಲು ಬರುವುದಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಕಳ್ಳಾಟ ಆಡ್ತೀಯಾ" ಅಂತ ಹುಡುಗಿಗೂ ಬೈದೆ. ನೀವು ಸೋತಿರಿ.

ನಿನ್ನೆ ಮಗಳು ಆ ಪುಸ್ತಕ ಓದಿ ಹೇಳಿದಳು. ನಾನು ಹಿಡಿದುಕೊಂಡಿದ್ದು ಹಳೆಯ ರೂಲು. ಹೊಸದರಲ್ಲಿ ಮಧುಶ್ರೀ ಫೀಲ್ಡಿಂಗಿಗೂ ಇಳಿಯಬಹುದಂತೆ. ತಪ್ಪು ನನ್ನದೇ.

ಆ ಹುಡುಗಿ ಪ್ರಾಕ್ಟೀಸಿಗೆ ಬರುತ್ತಿಲ್ಲ ಎಂದು ಕೇಳಿದೆ. ಅವಳನ್ನು ಕರೆಸಿ, ಇಡೀ ಟೀಮಿನ ಮುಂದೆ ಈ ಕಾಗದ ಗಟ್ಟಿಯಾಗಿ ಓದಿ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಸಾಲನ್ನು ಹಾರಿಸಬೇಡಿ. ನಿಮ್ಮ ಪುಸ್ತಕ ಇದರ ಜೊತೆಗಿದೆ.

ಅವಳು ಮೈದಾನಕ್ಕೆ ಬಂದಳೋ ಇಲ್ಲವೋ, ಹದಿನೈದನೇ ತಾರೀಖಿನೊಳಗೆ ತಿಳಿಸಿ.

ಶೇಷಪ್ಪ