ರೆಕ್ಕೆಯ ಸಂದಿಯಲ್ಲಿ ಝಾಕಿರನ ಬೆರಳು

ಮಂಗಫ್, ಕುವೈತ್, ಬುಧವಾರ

ಮಾವನವರಿಗೆ ಲತೀಶನ ನಮಸ್ಕಾರ.

ಈ ವಾರ ನಮಗೆ ಒಂದು ಮ್ಯೂಸಿಯಮ್ಮಿನ ಅಂಗಳದಲ್ಲಿ ಕೆಲಸ. ಹಳೆಯ ಯುದ್ಧವಿಮಾನವೊಂದು ಬಿಡಿಬಿಡಿಯಾಗಿ ಮರದ ಪೆಟ್ಟಿಗೆಗಳಲ್ಲಿ ಬಂದಿದೆ. ರೆಕ್ಕೆಯಲ್ಲಿ ಗುಂಡಿನ ತೂತುಗಳು ಹಾಗೆಯೇ ಇವೆ. ಯುದ್ಧದ ಕಾಲದಲ್ಲಿ ಇದನ್ನು ಬಯಲಿನಲ್ಲೇ ಹಗ್ಗ, ಮರದ ಕಂಬ, ಸ್ಪ್ಯಾನರ್ ಹಿಡಿದು ಜೋಡಿಸುತ್ತಿದ್ದರಂತೆ. ಮರಳಿನಲ್ಲಿ ಕ್ರೇನ್ ಹೂತುಹೋದದ್ದರಿಂದ ನಾವೂ ಹಾಗೆಯೇ ಮಾಡಿದೆವು.

ನಿನ್ನೆ ಹತ್ತು ಮಂದಿ ರೆಕ್ಕೆಗೆ ಹೆಗಲು ಕೊಟ್ಟೆವು. ಫೋರ್‌ಮನ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದರೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎತ್ತಿದರು. ರೆಕ್ಕೆಯ ಬೋಲ್ಟಿನ ತೂತು ವಿಮಾನದ ಒಡಲಿನ ತೂತಿಗೆ ಸರಿಯಾಗಿ ಕೂತಿತೇ ಎಂದು ಉಳ್ಳಾಲದ ಝಾಕಿರ್ ಬೆರಳು ಹಾಕಿ ನೋಡಿದ. ರೆಕ್ಕೆ ಜಾರಿತು, ಬೆರಳು ಸಿಕ್ಕಿಕೊಂಡಿತು. ಅವನು ಇನ್ನೊಂದು ಕೈಯಿಂದ ರೆಕ್ಕೆಯನ್ನು ದೂಡತೊಡಗಿದ. ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಕಿರುಚಿದರು, ರೆಕ್ಕೆ ಮಾತ್ರ ಏಳಲಿಲ್ಲ. ಆಗ ನೀವು ದೋಣಿ ಎಳೆಯುವಾಗ ಹಾಕುವ ಕೂಗು ನನ್ನ ಬಾಯಿಂದ ಬಂತು: "ಓ ಬೇಲೇ... ಐಸಾ!" ಎರಡನೆಯ ಐಸಾಕ್ಕೆ ಬಿಹಾರದವರು, ನೇಪಾಳದವರು ಎಲ್ಲರೂ ಒಟ್ಟಿಗೆ ಎತ್ತಿದರು. ಉಗುರು ಹೋಯಿತು, ಬೆರಳು ಉಳಿಯಿತು.

"ಬಾಯಿ ಬಿಡದವ ನೀನು. ಈ ಸ್ವರ ಎಲ್ಲಿ ಇಟ್ಟಿದ್ದಿ ಮಾರಾಯ?" ಎಂದು ಝಾಕಿರ್ ಆಮೇಲೆ ಕೇಳಿದ. ಇನ್ನು ತೂತಿಗೆ ಸಲಾಕೆಯನ್ನೇ ಹಾಕುತ್ತಾನಂತೆ.

ನನ್ನ ಹೆಗಲು ಸ್ವಲ್ಪ ಊದಿದೆ, ಎಣ್ಣೆ ಹಚ್ಚಿದ್ದೇನೆ. ಅಮ್ಮನಿಗೆ ಹೇಳಬೇಡಿ. ನಿಮ್ಮ ದೋಣಿಯ ಬಳಿ ನೀವು ಎಷ್ಟು ಬೈದರೂ ನಾನು ಕೂಗಿದವನಲ್ಲ. ನಾಳೆ ಎರಡನೆಯ ರೆಕ್ಕೆ ಎತ್ತಬೇಕು. ಕೂಗು ಹಾಕಲು ಫೋರ್‌ಮನ್ ನನ್ನನ್ನೇ ನಿಲ್ಲಿಸಿದ್ದಾರೆ.

ಕೆಲಸಕ್ಕೆ ಹೋಗುವ ಬಸ್ಸು ಬಂತು.

ಲತೀಶ